ಮೂರು ಗೀರಿನ ಕಡಗ

ಆ ಬೀದಿಯಲ್ಲಿ ಸುಕ್ಕಿಲ್ಲದ ಅಂಗಿ ತೊಟ್ಟು ಓಡಾಡುವವರೆಲ್ಲ ಇಸ್ತ್ರಿ ಅಜ್ಜಿಯ ಕೈ ದಾಟಿ ಬಂದವರೇ. ಮೂವತ್ತೆರಡು ವರ್ಷದಿಂದ ಅದೇ ಮೂಲೆಮನೆ, ಬೀದಿಗೆ ಬಾಯ್ದೆರೆದ ಅದೇ ಮುಂಗೋಣೆ, ಅದೇ ಉದ್ದನೆಯ ಮೇಜು. ಮೇಜಿನ ಮೇಲೆ ಎರಡು ಮಡಿಕೆಯ ಹಳೇ ಕಂಬಳಿ, ಅದರ ಮೇಲೊಂದು ಬಿಳಿಬಟ್ಟೆ, ಬಲಕ್ಕೆ ನೀರು ಚಿಮುಕಿಸುವ ಬಾಟಲಿ, ಎಡಕ್ಕೆ ಇನ್ನೂ ಆಗಬೇಕಾದ ಬಟ್ಟೆಗಳ ಗುಡ್ಡ. ಅಷ್ಟು ವರ್ಷದಲ್ಲಿ ಇಸ್ತ್ರಿಪೆಟ್ಟಿಗೆ ನಾಲ್ಕು ಬದಲಾಗಿದ್ದವು, ಅಜ್ಜಿ ಬದಲಾಗಿರಲಿಲ್ಲ. ಕಾಲರಿನ ತುದಿ ಮಡಚಿಕೊಳ್ಳದ ಹಾಗೆ ತಿರುವುವುದು ತನ್ನೊಬ್ಬಳಿಗೇ ಗೊತ್ತು ಎಂದು ಅವಳು ನಂಬಿದ್ದಳು. ಅದು ಸುಳ್ಳೂ ಅಲ್ಲ. ಬಲಮಣಿಕಟ್ಟಿನಿಂದ ನಾಲ್ಕು ಬೆರಳು ಮೇಲೆ, ಎಂದೋ ಸುಟ್ಟು ಮಾಗಿದ ಕಲೆಯೊಂದು ಎಲೆಯ ಹಾಗೆ ನುಣ್ಣಗೆ ಕೂತಿತ್ತು.

ಆ ಮೇಜಿನ ಕೆಳಗೆ, ಕಾಲಿಗೆ ಬೆನ್ನು ಆನಿಸಿಕೊಂಡು ಮೊಮ್ಮಗಳು ಕೂರುತ್ತಿದ್ದಳು. ಆರು ವರ್ಷದ ಮಗು. ಹುಟ್ಟಿದಾಗಿನಿಂದ ಕಿವಿ ಕೇಳದು. ಕಣ್ಣಿಗೆ ಬೆಳಕು ಯಾವ ಕಡೆಯಿಂದ ಬರುತ್ತಿದೆ ಎಂಬಷ್ಟು ಮಾತ್ರ ತಿಳಿಯುತ್ತಿತ್ತು. ಕೈಗೊಂದು ಅಂಗಿ ಸಿಕ್ಕರೆ ಸಾಕು, ಕೊರಳಿನಿಂದ ಹಿಡಿದು ಕೆಳಗಿನವರೆಗೆ ಒಂದೊಂದೇ ಗುಂಡಿ ತಡವುತ್ತ ಹೊತ್ತು ಕಳೆಯುತ್ತಿದ್ದಳು. ಅದಕ್ಕೇ ಮನೆಯಲ್ಲಿ, ಬೀದಿಯಲ್ಲಿ ಎಲ್ಲರ ಬಾಯಲ್ಲೂ ಅವಳು ಗುಂಡಿ. ಗುಂಡಿಯ ತಾಯಿ ಅಜ್ಜಿಯ ಮಗಳು, ಅವಳಿಗೆ ಬೇಕರಿಯಲ್ಲಿ ಬೆಳಗಿನ ಪಾಳಿ. ಅಪ್ಪ ಲಾರಿಯವನು, ವಾರಕ್ಕೊಮ್ಮೆ ಮುಖ ತೋರಿಸುವವನು. ಹಾಗಾಗಿ ಮಗುವಿಗೆ ತುತ್ತಿಡುವುದು, ಸ್ನಾನ ಮಾಡಿಸುವುದು, ತಲೆ ಬಾಚುವುದು ಎಲ್ಲ ಅಜ್ಜಿಯದೇ. ಬಾಯಾರುವ ಮೊದಲೇ ನೀರು, ಹಸಿಯುವ ಮೊದಲೇ ತುತ್ತು. ಮಗು ಏನನ್ನೂ ಕೇಳಬೇಕಾಗಿರಲಿಲ್ಲ. ಅಜ್ಜಿಯ ಹೆಮ್ಮೆ ಅದೇ ಆಗಿತ್ತು.

ಅಂಥ ಮನೆಗೆ ಕಡಗದವಳು ಬಂದಳು.

ಕಣ್ಣು ಕಿವಿ ಎರಡರ ತೊಂದರೆಯೂ ಇರುವ ಮಕ್ಕಳಿಗೆಂದು ಊರಲ್ಲೊಂದು ಕೇಂದ್ರವಿತ್ತು. ಅಲ್ಲಿಂದ ವಾರಕ್ಕೆ ಮೂರು ಬೆಳಿಗ್ಗೆ ಒಬ್ಬ ಟೀಚರನ್ನು ಮನೆಗೇ ಕಳಿಸುತ್ತಿದ್ದರು. ಮಗಳು ಎರಡು ವರ್ಷ ಅಲೆದು ಅದನ್ನು ಗಿಟ್ಟಿಸಿಕೊಂಡಿದ್ದಳು. ಬಂದವಳು ಮೂವತ್ತರ ಆಸುಪಾಸಿನ ಹೆಂಗಸು, ಮಾತು ಕಡಿಮೆ, ಎಡಗೈಯಲ್ಲೊಂದು ಮರದ ಕಡಗ. ಕಡಗಕ್ಕೆ ಮೂರು ಗೀರು ಕೊರೆದಿತ್ತು. ಬಂದ ತಕ್ಷಣ ಅವಳು ನೆಲಕ್ಕೆ ಕೂತು, ಮಗುವಿನ ಭುಜ ಮುಟ್ಟಿ, ಕಡಗವನ್ನು ಅದರ ಬೆರಳಿಗೆ ಒಡ್ಡುತ್ತಿದ್ದಳು. ಗುಂಡಿ ಗೀರು ತಡವಬೇಕು, ಬಂದದ್ದು ಯಾರೆಂದು ತಿಳಿಯಬೇಕು. ಮುಖ ಕಾಣದ, ದನಿ ಕೇಳದ ಮಗುವಿಗೆ ಹೆಸರು ಹೇಳುವ ರೀತಿ ಅದು.

ಮನೆಯವರೆಲ್ಲ ಹೀಗೊಂದೊಂದು ಗುರುತು ಇಟ್ಟುಕೊಳ್ಳಬೇಕು ಎಂದು ಟೀಚರು ಮೊದಲ ವಾರವೇ ಹೇಳಿದ್ದಳು. ತಾಯಿ ಕೂದಲಿನ ದೊಡ್ಡ ಕ್ಲಿಪ್ಪನ್ನು ಆರಿಸಿಕೊಂಡಳು. ಅಪ್ಪ ಗಡಿಯಾರದ ಪಟ್ಟಿಯನ್ನು. ಅಜ್ಜಿ ಮಾತ್ರ ಮೂಗು ಮುರಿದಳು.

"ಹೆತ್ತ ದಿನ ಕೈಗೆ ತಗೊಂಡಿದ್ದು ನಾನು. ನನ್ ಮೊಮ್ಮಗಳಿಗೆ ನಾನ್ಯಾರು ಅಂತ ಹೇಳೋಕೆ ಚೀಟಿ ಕಟ್ಕೊಂಡು ಓಡಾಡ್ಲಾ?"

ಟೀಚರು ಒತ್ತಾಯ ಮಾಡಲಿಲ್ಲ. ಒಂದು ಮಾತು ತಿರುಗಿ ಆಡಿದ್ದರೆ ಅಜ್ಜಿಗೆ ಜಗಳಕ್ಕೊಂದು ನೆಪವಾದರೂ ಸಿಗುತ್ತಿತ್ತು, ಅದೂ ಸಿಗಲಿಲ್ಲ.

ಆರು ತಿಂಗಳಲ್ಲಿ ಗುಂಡಿ ಬೇರೆಯೇ ಮಗುವಾದಳು. ಗಂಟಲು ಮುಟ್ಟಿಕೊಂಡು ನೀರು ಕೇಳಿದಳು. ಒಳಕೋಣೆಯ ಗೋಡೆಗೆ ಸಾಲಾಗಿ ನಾಲ್ಕು ರಟ್ಟಿನ ಡಬ್ಬಿ ಬಂದವು. ಒಂದರಲ್ಲಿ ಚಮಚ, ಒಂದರಲ್ಲಿ ಟವೆಲಿನ ತುಂಡು, ಒಂದರಲ್ಲಿ ಚೆಂಡು, ಕೊನೆಯದರಲ್ಲಿ ಮೆತ್ತನೆಯ ಜೇಡಿಮಣ್ಣು. ಅವುಗಳಲ್ಲಿ ಕೈಯಾಡಿಸಿ ಈಗ ಊಟ, ಆಮೇಲೆ ಸ್ನಾನ, ಆಮೇಲೆ ಹೊರಗೆ, ಆಮೇಲೆ ಮಣ್ಣಿನಾಟ ಎಂದು ದಿನವನ್ನು ತಾನೇ ಓದಿಕೊಳ್ಳತೊಡಗಿದಳು. ಎಬ್ಬಿಸಿದಾಗೆಲ್ಲ ಅಳುತ್ತಿದ್ದವಳು ಅಳು ಬಿಟ್ಟಳು. ತಾಯಿ ಹಿಗ್ಗಿ ಹೀರೇಕಾಯಿಯಾದಳು. ಅಜ್ಜಿ ಮಾತ್ರ ಆ ಡಬ್ಬಿಗಳ ಕಡೆ ತಿರುಗಿಯೂ ನೋಡಲಿಲ್ಲ.

ಏನು ಕಡಿಮೆ ಮಾಡಿದ್ದೆ ನಾನು, ಎಂದು ಅವಳು ಅಂಗಿಯ ತೋಳಿನ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿದ್ದಳು. ಆರು ವರ್ಷ ನೀರು ಕೊಟ್ಟವಳಿಗೆ ಹೆಸರಿಲ್ಲ, ಕೇಳಿದ ಮೇಲೆ ಕೊಟ್ಟವಳಿಗೆ ನಗು. ಅದೆಂಥ ನಗು ಅಂತೀರಿ. ಕಡಗ ಬೆರಳಿಗೆ ತಾಕಿದ್ದೇ ತಡ, ಮಗುವಿನ ಮುಖ ಕಿಟಕಿ ತೆಗೆದ ಹಾಗೆ ತೆರೆದುಕೊಳ್ಳುತ್ತಿತ್ತು. ತನ್ನ ಮಣಿಕಟ್ಟನ್ನು ಎರಡು ಬೆರಳಿನಿಂದ ಸುತ್ತಿ ಹಿಡಿದು ತೋರಿಸುತ್ತಿತ್ತು. ಟೀಚರ್ ಎನ್ನಲು ಅದೇ ಸನ್ನೆ. ಒಮ್ಮೆ ಪರದೆಯ ಸಂದಿಯಿಂದ ಅಜ್ಜಿ ಇನ್ನೊಂದನ್ನೂ ನೋಡಿದಳು. ಗುಂಡಿ ಮುಷ್ಟಿ ಕಟ್ಟಿ ತನ್ನ ತೊಡೆಯ ಮೇಲೆ ಹಿಂದೆ ಮುಂದೆ ಉಜ್ಜುತ್ತಿದ್ದಳು, ಟೀಚರೂ ಹಾಗೇ ಉಜ್ಜುತ್ತಿದ್ದಳು, ಇಬ್ಬರ ಮುಖದಲ್ಲೂ ನಗು. ತಾನು ಇಸ್ತ್ರಿ ಉಜ್ಜುವುದನ್ನೇ ಅಣಕಿಸುತ್ತಿದ್ದಾರೆ ಎಂದು ಅಜ್ಜಿಯ ಕಿವಿ ಬಿಸಿಯಾಯಿತು. ಅಂದು ಒಂದು ಅಂಗಿಯ ಬೆನ್ನು ಕಂದುಬಣ್ಣಕ್ಕೆ ತಿರುಗಿತು, ಮೂವತ್ತೆರಡು ವರ್ಷದಲ್ಲಿ ಮೊದಲ ಸಲ.

ಉರಿಯುವುದಕ್ಕೆ ಎಣ್ಣೆ ಹೊಯ್ಯಲು ಎದುರಿನ ಕ್ಷೌರದಂಗಡಿಯವನಿದ್ದನಲ್ಲ.

"ಏನಜ್ಜಿ, ಮೊಮ್ಮಗಳು ಪಕ್ಷಾಂತರ ಮಾಡಿದ್ಲಂತೆ?"

"ನಿನ್ ಕತ್ತರಿ ನಿನ್ ಗಿರಾಕಿ ತಲೆ ಮೇಲಿರ್ಲಿ ಕಣಪ್ಪ. ಅಲ್ಲಾದ್ರೂ ನೆಟ್ಟಗೆ ಓಡುತ್ತಾ ನೋಡು."

ಅವನ ಕುರ್ಚಿಯಲ್ಲಿ ಕೂತಿದ್ದವನು ಕನ್ನಡಿಯಲ್ಲಿ ನೋಡಿಕೊಂಡು ತಲೆ ತಡವಿಕೊಂಡ. ಬೀದಿ ನಕ್ಕಿತು, ಅಜ್ಜಿ ನಗಲಿಲ್ಲ.

ಒಂದು ಶುಕ್ರವಾರ ಟೀಚರು ಮಗುವಿನ ಜೊತೆ ಜೇಡಿ ನಾದಲು ಕಡಗ ಬಿಚ್ಚಿ, ಕೈತೊಳೆಯುವ ಬೇಸಿನ್ನಿನ ಮೇಲಿಟ್ಟಿದ್ದಳು. ಅಷ್ಟರಲ್ಲಿ ಕೇಂದ್ರದಿಂದ ಫೋನ್ ಬಂತು, ಇನ್ನೊಂದು ಮಗು ಮೆಟ್ಟಿಲಿನಿಂದ ಬಿದ್ದಿದೆಯೆಂದು. ಅವಳು ಚಪ್ಪಲಿ ಮೆಟ್ಟಿಕೊಂಡು ಓಡಿದಳು. ಕಡಗ ಉಳಿಯಿತು.

ಅಜ್ಜಿ ಅದನ್ನು ಎತ್ತಿ ಮೇಜಿನ ಖಾನೆಯಲ್ಲಿಟ್ಟಳು. ಸೋಮವಾರ ಕೊಟ್ಟುಬಿಡುವುದೆಂದೇ ಇಟ್ಟಳು. ಆದರೆ ಶನಿವಾರ ಬೆಳಿಗ್ಗೆ ಮಗಳು ಕೆಲಸಕ್ಕೆ ಹೋದ ಮೇಲೆ ಖಾನೆ ತಾನಾಗಿಯೇ ತೆರೆದುಕೊಂಡಂತೆ ತೆರೆಯಿತು. ಒಂದೇ ಒಂದು ಸಲ, ಎಂದುಕೊಂಡಳು. ಆ ನಗು ನನ್ನ ಕಡೆಗೆ ತಿರುಗಿದರೆ ಹೇಗಿರುತ್ತದೋ ನೋಡೋಣ. ಕಡಗವನ್ನು ಎಡಗೈಗೆ ಏರಿಸಿ ಒಳಕೋಣೆಯ ನೆಲಕ್ಕೆ ಕೂತು, ಟೀಚರ ಹಾಗೆಯೇ ಮಗುವಿನ ಭುಜ ಮುಟ್ಟಿದಳು.

ಗುಂಡಿಯ ಬೆರಳು ಗೀರಿನ ಮೇಲೆ ಓಡಿತು. ಒಂದು, ಎರಡು, ಮೂರು. ಮುಖ ತೆರೆದುಕೊಂಡಿತು. ಅಜ್ಜಿ ಅದನ್ನು ಒಂದು ಮೊಳ ದೂರದಿಂದ ನೋಡಿದಳು. ಕದ್ದದ್ದಾದರೂ ಎಷ್ಟು ಸಿಹಿ, ಕಣ್ಣು ತುಂಬಿ ಬಂತು.

ಮಗು ಅಲ್ಲಿಗೇ ನಿಲ್ಲಲಿಲ್ಲ. ಅಂಗೈ ಎರಡನ್ನೂ ಬಿಡಿಸಿ ಅತ್ತಿತ್ತ ತಿರುಗಿಸಿತು, ಮುಷ್ಟಿ ಕಟ್ಟಿ ಹಿಂದೆ ಮುಂದೆ ಉಜ್ಜಿತು, ಕಾದಿತು. ಮತ್ತೆ ಅದನ್ನೇ ಮಾಡಿತು. ಟೀಚರಾಗಿದ್ದರೆ ತನ್ನ ಕೈಯನ್ನು ಮಗುವಿನ ಕೈಯಡಿಗೆ ಕೊಟ್ಟು ಏನೋ ಉತ್ತರ ಹೇಳುತ್ತಿದ್ದಳು. ಅಜ್ಜಿಗೆ ಉತ್ತರವಿರಲಿ, ಪ್ರಶ್ನೆಯೇ ಗೊತ್ತಾಗಲಿಲ್ಲ. ದಿಕ್ಕು ತೋಚದೆ ಬಲಗೈಯಿಂದ ಮಗುವಿನ ಕೆನ್ನೆ ಸವರಿದಳು. ಗುಂಡಿ ಆ ಕೈಯನ್ನು ಹಿಡಿದುಕೊಂಡಳು. ಬಿಸಿ ಅಂಗೈ. ಬೆರಳು ಮೇಲಕ್ಕೆ ನಡೆಯಿತು. ನುಣ್ಣನೆಯ ಕಲೆ. ಮಗುವಿನ ನಗು ಅಲ್ಲೇ ನಿಂತಿತು. ಮತ್ತೆ ಎಡಗೈಯ ಕಡಗ, ಮತ್ತೆ ಬಲಗೈಯ ಕಲೆ, ಮತ್ತೆ ಕಡಗ. ಗೋಡೆ ಇರಬೇಕಾದ ಕಡೆ ಗೋಡೆ ಇಲ್ಲದಿದ್ದರೆ ನಮಗೆ ಹೇಗಾದೀತು, ಹಾಗಾಯಿತು ಅದಕ್ಕೆ. ಎರಡೂ ಕೈಯನ್ನು ತಳ್ಳಿ, ಕಿರುಚಿ, ತೆವಳುತ್ತ ಹೋಗಿ ಮೂಲೆ ಸೇರಿತು.

ಅಜ್ಜಿ ಕಡಗವನ್ನು ತೆಗೆದು ಬೇಸಿನ್ನಿನ ಮೇಲೆ, ಇದ್ದ ಜಾಗದಲ್ಲೇ ಇಟ್ಟಳು.

ಸೋಮವಾರ ಟೀಚರು ಬಂದು ಕಡಗ ಸಿಕ್ಕಿದ್ದಕ್ಕೆ ನಿಟ್ಟುಸಿರು ಬಿಟ್ಟಳು. ಆದರೆ ಗುಂಡಿ ಗೀರು ತಡವಿ ನಗಲಿಲ್ಲ. ಟೀಚರ ಬಲಗೈಯ ತೋಳನ್ನು ಮೇಲೆಳೆದು ಏನನ್ನೋ ಹುಡುಕಿದಳು, ಸಿಗದೆ ಕೈ ತಳ್ಳಿಬಿಟ್ಟಳು. ಬುಧವಾರವೂ ಹಾಗೇ, ಶುಕ್ರವಾರವೂ ಹಾಗೇ. ಡಬ್ಬಿಗಳನ್ನು ಮುಟ್ಟಲಿಲ್ಲ. ನೀರು ಕೇಳುವುದನ್ನು ಬಿಟ್ಟಳು. ಸರಿ, ಕೇಳದಿದ್ದರೇನು, ನಾನಿದ್ದೇನಲ್ಲ ಎಂದು ಅಜ್ಜಿ ಲೋಟ ಹಿಡಿದು ಹೋದರೆ ಅವಳ ಬಿಸಿ ಅಂಗೈಯನ್ನೂ ಮಗು ಒಲ್ಲೆನೆಂದಿತು. ತಾಯಿ ಕೆಲಸದಿಂದ ಬಂದು ಕ್ಲಿಪ್ಪು ಮುಟ್ಟಿಸಿ ಕುಡಿಸಿದರಷ್ಟೇ ನೀರು. ಮಗುವಿನ ತುಟಿ ಒಡೆಯಿತು.

ಟೀಚರು ತನ್ನನ್ನೇ ಬೈದುಕೊಂಡಳು. ಮೂರು ದಿನ ಕಡಗ ಬಿಟ್ಟುಹೋದದ್ದಕ್ಕೇ ಹೀಗಾಯಿತೇನೋ ಎಂದಳು. ಜ್ವರ ಬಂದಿತ್ತಾ, ಬಿದ್ದಳಾ, ಯಾರಾದರೂ ಹೊಸಬರು ಬಂದಿದ್ದರಾ ಎಂದು ಕೆದಕಿ ಕೇಳಿದಳು. ಅಜ್ಜಿ ಅಂಗಿಯೊಂದರ ಜೇಬನ್ನು ಮೂರು ಸಲ ಉಜ್ಜಿ, ಏನೂ ಇಲ್ಲ ಎಂದಳು.

ಹದಿನೈದು ದಿನವಾದ ಮೇಲೆ ಮಗಳು ಊಟದ ತಟ್ಟೆಯ ಮುಂದೆ ವಿಷಯ ತೆಗೆದಳು. ಕೇಂದ್ರದಲ್ಲಿ ಇರುವವರೇ ನಾಲ್ಕು ಜನ ಟೀಚರು, ಸರದಿಯಲ್ಲಿ ಕಾಯುತ್ತಿರುವ ಮಕ್ಕಳು ಇಪ್ಪತ್ತು. ನಮ್ಮ ಮಗು ಒಪ್ಪುತ್ತಿಲ್ಲವಾದರೆ ಬರುವ ಶುಕ್ರವಾರಕ್ಕೆ ಕೊನೆ, ಆ ಬೆಳಗಿನ ಹೊತ್ತನ್ನು ಬೇರೆ ಮಗುವಿಗೆ ಕೊಡುತ್ತಾರಂತೆ.

"ನೀನು ಗೆದ್ದೆ ಬಿಡಮ್ಮ," ಎಂದಳು ಮಗಳು. ಅವಳಿಗೆ ಏನೂ ಗೊತ್ತಿರಲಿಲ್ಲ, ಬೇಸರಕ್ಕೆ ಆಡಿದ ಮಾತು. ಅಜ್ಜಿಯ ಕೈಯ ತುತ್ತು ಕೈಯಲ್ಲೇ ಉಳಿಯಿತು.

ಬೇಡಿಕೊಂಡದ್ದೇ ಕೈಗೆ ಬಂದಿತ್ತು. ಇನ್ನು ಕಡಗದವಳು ಬರುವುದಿಲ್ಲ. ಒಳಕೋಣೆಯಿಂದ ನಗು ಕೇಳಿಸುವುದಿಲ್ಲ. ಮಾರನೆಯ ದಿನ ಉಜ್ಜುತ್ತ ಉಜ್ಜುತ್ತ ಅಜ್ಜಿ ಮೇಜಿನ ಕೆಳಗೆ ಬಗ್ಗಿ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ. ಗುಂಡಿ ಆಚೆಯ ಮೂಲೆಯಲ್ಲಿ ಮೊಣಕಾಲಿಗೆ ಮುಖ ಒತ್ತಿ ಕೂತಿದ್ದಳು. ಟೀಚರು ಬರುವ ಮುಂಚಿನ ಗುಂಡಿಯೂ ಅವಳಾಗಿರಲಿಲ್ಲ. ಇದು ಯಾರಿಗೂ ಬೇಡದ ಗೆಲುವು ಎಂಬುದು ಅಜ್ಜಿಗೆ ಅರ್ಥವಾಯಿತು.

ಬುಧವಾರ ಟೀಚರು ಹೊಸಿಲು ದಾಟುವ ಮೊದಲೇ ಅಜ್ಜಿ ಇಸ್ತ್ರಿಯನ್ನು ಎತ್ತಿ ನಿಲ್ಲಿಸಿ, ಸ್ವಿಚ್ಚು ಆರಿಸಿದಳು. ಗಿರಾಕಿ ನಿಂತಿದ್ದರೂ ಆರಿಸಿದಳು.

"ಟೀಚರಮ್ಮ, ಆವತ್ತು ನೀವು ಕಡಗ ಮರೆತು ಹೋದ್ರಲ್ಲ, ಮಾರನೇ ದಿನ ಶನಿವಾರ ಅದು ಬೇಸಿನ್ ಮೇಲಿರ್ಲಿಲ್ಲ. ನನ್ ಕೈಯಲ್ಲಿತ್ತು."

ಟೀಚರಿಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ಅವಳ ಮುಖ ಬಿಳುಪಾಯಿತು. ಕಡಗವನ್ನು ಇನ್ನೊಂದು ಕೈಯಿಂದ ಮುಚ್ಚಿ ಹಿಡಿದಳು. ಬೈದಿದ್ದರೆ ಚೆನ್ನಾಗಿತ್ತು ಎಂದು ಅಜ್ಜಿಗೆ ಅನ್ನಿಸಿತು.

"ಯಾಕಜ್ಜಿ?"

"ಹೊಟ್ಟೆಕಿಚ್ಚು. ಇನ್ನೇನು ಹೇಳ್ಲಿ. ನಿಮ್ಮನ್ನ ಕಂಡ್ರೆ ನಗ್ತಾಳೆ, ನನ್ನ ಕಂಡ್ರೆ ನಗಲ್ಲ."

"ಆವತ್ತು ಅವಳು ನಿಮ್ಗೆ ಏನಾದ್ರೂ ಹೇಳಿದ್ಲಾ? ಕೈ ಹೇಗ್ಮಾಡಿದ್ಲು, ತೋರ್ಸಿ."

ಅಜ್ಜಿ ಅಂಗೈ ಬಿಡಿಸಿ ಅತ್ತಿತ್ತ ತಿರುಗಿಸಿದಳು. ಮುಷ್ಟಿ ಕಟ್ಟಿ ಹಿಂದೆ ಮುಂದೆ ಉಜ್ಜಿದಳು. ನನ್ನನ್ನು ಅಣಕಿಸುತ್ತೀರಲ್ಲ, ಅದೇ, ಎಂದಳು.

ಟೀಚರು ಅವಳನ್ನೇ ನೋಡಿದಳು. "ಅಣಕ ಅಲ್ಲ ಅಜ್ಜಿ. ಆ ಉಜ್ಜೋದು ನೀವು. ನಾನು ಹೇಳ್ಕೊಟ್ಟಿದ್ದೂ ಅಲ್ಲ, ಮೇಜಿನ ಕೆಳಗೆ ಕೂತು ಅವಳೇ ಮಾಡ್ಕೊಂಡ ಹೆಸರು. ಅಂಗೈ ತಿರುಗಿಸಿದ್ರೆ ಎಲ್ಲಿ ಅಂತ. ಅಜ್ಜಿ ಎಲ್ಲಿ ಅಂತ ಕೇಳಿದಾಳೆ."

ಹೊರಗೆ ಗಿರಾಕಿ ಕೆಮ್ಮಿದ. ಅಜ್ಜಿ ತಿರುಗಿ ನೋಡಲಿಲ್ಲ.

ಆಮೇಲಿನ ಕೆಲಸ ಮಾತಿನಷ್ಟು ಸುಲಭವಿರಲಿಲ್ಲ. ಶುಕ್ರವಾರದ ಗಡುವನ್ನು ಟೀಚರು ಕೇಂದ್ರದಲ್ಲಿ ಹೇಳಿ ಒಂದು ತಿಂಗಳು ಮುಂದಕ್ಕೆ ಹಾಕಿಸಿದಳು. ತಪ್ಪು ಯಾರದೆಂದು ಅಲ್ಲಿ ಏನು ಹೇಳಿದಳೋ, ಅಜ್ಜಿ ಕೇಳಲಿಲ್ಲ. ಇಬ್ಬರೂ ಮಗುವಿನ ಎದುರು ಅಕ್ಕಪಕ್ಕ ಕೂರಬೇಕು. ಕಡಗದ ಕೈ ಒಂದು, ಕಲೆಯ ಕೈ ಇನ್ನೊಂದು, ಎರಡೂ ಬೇರೆ ಬೇರೆ ಎಂದು ಮಗು ತಾನೇ ತಡವಿ ತಿಳಿಯಬೇಕು. ಬಿಸಿ ಇಸ್ತ್ರಿಯನ್ನು ಹಿಡಿಯಲು ಬಳಸುವ ದಪ್ಪ ಬಟ್ಟೆಯ ಮಡಿಕೆಯನ್ನು ಅಜ್ಜಿ ಕೊನೆಗೂ ತನ್ನ ಗುರುತೆಂದು ಮಣಿಕಟ್ಟಿಗೆ ಕಟ್ಟಿಕೊಂಡಳು. ಕಷ್ಟವಾದದ್ದು ಅದಲ್ಲ. ಮಗುವಿನ ಕೈಯನ್ನು ತನ್ನ ಕೈಮೇಲೆ ಕೂರಿಸಿಕೊಂಡು, ತಾನೇ ನಡೆಸಿಕೊಂಡು ಹೋಗಿ ಕಡಗದವಳ ಕೈಗೆ ದಾಟಿಸಬೇಕಿತ್ತು. ಟೀಚರು ಬಂದ ಒಂದೊಂದು ಬೆಳಿಗ್ಗೆಯೂ ಹತ್ತು ಸಲ. ಹತ್ತು ಸಲವೂ ಅಜ್ಜಿಗೆ ಬಿಟ್ಟುಕೊಡಲು ಮನಸ್ಸಿರಲಿಲ್ಲ, ಹತ್ತು ಸಲವೂ ದಾಟಿಸಿದಳು. ಹನ್ನೊಂದನೆಯ ಬೆಳಿಗ್ಗೆ ಗುಂಡಿ ಗೀರು ತಡವಿ ಅರೆನಗು ನಕ್ಕಳು. ಅಜ್ಜಿಯ ಕೈಗೆ ಬಂದಾಗ ನಗಲಿಲ್ಲ, ಆದರೆ ಗಂಟಲು ಮುಟ್ಟಿಕೊಂಡಳು. ಅಜ್ಜಿ ನೀರಿಗೆ ಓಡಿದ ಓಟಕ್ಕೆ ಬಟ್ಟೆಗುಡ್ಡವೇ ಉರುಳಿತು.

ತಿಂಗಳು ತುಂಬಿತು, ಟೀಚರ ಬೆಳಗಿನ ಹೊತ್ತು ಈ ಮನೆಗೇ ಉಳಿಯಿತು. ಅದಾದ ಮೇಲಿನ ಒಂದು ಭಾನುವಾರ ಮಧ್ಯಾಹ್ನ ಅಜ್ಜಿ ಶಾಲೆಯ ಮಕ್ಕಳ ಸಮವಸ್ತ್ರ ಉಜ್ಜುತ್ತಿದ್ದಳು. ಮೇಜಿನ ಕೆಳಗಿನಿಂದ ಗುಂಡಿ ಹೊರಬಂದು ಅವಳ ಸೀರೆ ಹಿಡಿದು ಎದ್ದು ನಿಂತಳು. ಬಟ್ಟೆಯ ಮಡಿಕೆ ತಡವಿದಳು, ಕಲೆ ತಡವಿದಳು. ಆಮೇಲೆ ತನ್ನ ಮಣಿಕಟ್ಟನ್ನು ಎರಡು ಬೆರಳಿನಿಂದ ಸುತ್ತಿ ಹಿಡಿದು, ಅಂಗೈ ಬಿಡಿಸಿ ಅತ್ತಿತ್ತ ತಿರುಗಿಸಿದಳು.

ಟೀಚರು ಎಲ್ಲಿ.

ಅಜ್ಜಿಯ ಹಳೇ ಹೊಟ್ಟೆಕಿಚ್ಚು ಮತ್ತೆ ತಲೆ ಎತ್ತಿತು. ತಿಳಿಯಲಿಲ್ಲವೆಂದು ಸುಮ್ಮನಿದ್ದರೂ ನಡೆಯುತ್ತಿತ್ತು, ಕಂಡವರು ಯಾರೂ ಇರಲಿಲ್ಲ. ಅವಳು ಇಸ್ತ್ರಿಯನ್ನು ಎತ್ತಿ ನಿಲ್ಲಿಸಿ, ಟೀಚರಿಂದ ಕಲಿತ ಹಾಗೆ ಎರಡೂ ಕೈಯನ್ನು ಮಗುವಿನ ಕೈಯಡಿಗೆ ಕೊಟ್ಟಳು. ಕೆನ್ನೆಗೆ ಅಂಗೈ ಒರಗಿಸಿದಳು, ಒಂದು ನಿದ್ದೆ. ಆಮೇಲೆ ಕೈಯನ್ನು ಮುಂದಕ್ಕೆ ತಂದು ಮಣಿಕಟ್ಟು ಸುತ್ತಿದಳು. ಒಂದು ನಿದ್ದೆ ಕಳೆದರೆ ಬರುತ್ತಾಳೆ.

ಗುಂಡಿ ಯೋಚಿಸಿದಳು. ಮತ್ತೆ ಕೇಳಿದಳು. ಅಜ್ಜಿ ಮತ್ತೆ ಹೇಳಿದಳು. ಮೂರನೆಯ ಸಲವೂ ಕೇಳಿದಳು.

"ಬರ್ತಾಳೆ ಕಣೇ, ಬರ್ತಾಳೆ. ಎಲ್ಲೂ ಓಡಿಹೋಗಿಲ್ಲ ಮಹಾರಾಣಿ," ಎಂದು ಅಜ್ಜಿಯ ಬಾಯಿ ಗೊಣಗಿತು. ಕೈ ಮಾತ್ರ ಮೆತ್ತಗೆ, ನಿಧಾನವಾಗಿ, ಮೊದಲಿನಿಂದ ಹೇಳಿತು.

ಆರು ವರ್ಷದಲ್ಲಿ ಅಜ್ಜಿ ಮೊಮ್ಮಗಳು ಕೂಡಿ ಆಡಿದ ಮೊದಲ ಮಾತುಕತೆ ಅದು. ಅದೂ ಆ ಕಡಗದವಳ ವಿಷಯ.