ಹುರಿದ ಅವರೆ

ಅವರೆಕಾಳಿನ ಬೆನ್ನು ಹತ್ತಿ ನನ್ನ ತಲೆ ನೆರೆಯಿತು ಎಂದರೆ ಜಮಖಂಡಿಯಲ್ಲಿ ಜನ ನಗುತ್ತಾರೆ. ನಗಲಿ ಬಿಡಿ. ಆ ಕಾಳಿನೊಳಗೆ ಒಂದು ಪ್ರೋಟೀನ್ ಇದೆ, ಅದರ ಮೈಗೆ ಸಕ್ಕರೆಯ ಅಣುಗಳು ಅಂಟಿಕೊಂಡಿರುತ್ತವೆ, ಗ್ಲೈಕೋಪ್ರೋಟೀನ್ ಎನ್ನುತ್ತಾರೆ. ರಕ್ತಕ್ಕೆ ಬೆರೆಸಿದರೆ ಕೆಂಪು ಕಣಗಳು ಒಂದನ್ನೊಂದು ಹಿಡಿದುಕೊಂಡು ಗಂಟಾಗುತ್ತವೆ. ಕಾಲೇಜಿನಲ್ಲಿ ಪಾಠ ಮುಗಿಸಿ ನಾನು ಮಾಡುತ್ತಿದ್ದ ಸಂಶೋಧನೆ ಇದೇ. ಬೇರೆಯವರು ಮೊಲದ ರಕ್ತ ಬಳಸುತ್ತಾರೆ. ಜೈನರ ಮನೆಯಲ್ಲಿ ಹುಟ್ಟಿದ ನನಗೆ ಅದಕ್ಕೆ ಕೈ ಬರಲಿಲ್ಲ. ನನ್ನದೇ ರಕ್ತ ತೆಗೆಸಿಕೊಳ್ಳುತ್ತಿದ್ದೆ.

ಪೇಟೆಯ ಅವರೆ ನನ್ನ ರಕ್ತಕ್ಕೆ ಕ್ಯಾರೇ ಎನ್ನಲಿಲ್ಲ. ಸಾವಳಗಿ ಕಡೆಯ ನಮ್ಮ ಹೊಲದ ಬದುವಿನಲ್ಲಿ ಅಕ್ಕ ಬೆಳೆಯುತ್ತಿದ್ದ ಕರಿಚುಕ್ಕಿಯ ಅವರೆ ಮಾತ್ರ ಹಾಕಿದ ಗಳಿಗೆಯಲ್ಲೇ ಹಿಡಿಯುತ್ತಿತ್ತು. ಆ ಪ್ರೋಟೀನನ್ನು ಬೇರ್ಪಡಿಸಬೇಕು, ಅದಕ್ಕಂಟಿದ ಸಕ್ಕರೆ ಯಾವುದೆಂದು ಹೇಳಬೇಕು, ಅಷ್ಟೇ ನನ್ನ ಆಸೆ. ಅರ್ಧ ದಾರಿ ಬಂದಿದ್ದೆ. ಅಷ್ಟರಲ್ಲಿ ತುಬಚಿಯ ಏತ ನೀರಾವರಿಯಿಂದ ಹೊಲಗಳಿಗೆ ನೀರು ಬಂತು, ಸುತ್ತೆಲ್ಲ ಕಬ್ಬಾಯಿತು, ಬದು ಟ್ರ್ಯಾಕ್ಟರಿನ ಬಾಯಿಗೆ ಹೋಯಿತು. ಒಳ್ಳೆಯದೇ, ಎಷ್ಟೋ ಮನೆ ಬಾಳಿದವು. ಅವರೆ ಮಾತ್ರ ಅಕ್ಕನ ಗಡಿಗೆಯಲ್ಲಿ, ಬೂದಿಯೊಳಗೆ ಉಳಿಯಿತು.

ಫೋನ್ ಮಾಡಿ, ‘ಇದ್ದಷ್ಟು ಕಳಸಬೇ ಅಕ್ಕಾ, ರುಬ್ಬಿ ನೋಡ್ಬೇಕು’ ಎಂದೆ. ಬೀಜಕ್ಕೆ ಒಂದು ಹಿಡಿ ತೆಗೆದಿಡು ಎನ್ನಲಿಲ್ಲ. ಹೊಲ ಮಾಡುವವರ ಮನೆಯಲ್ಲಿ ಅದನ್ನು ಬೇರೆ ಹೇಳಬೇಕೇ?

ಬಸ್ಸಿನ ಕಂಡಕ್ಟರ್ ಕೈಯಲ್ಲಿ ಗಂಟು ಬಂತು. ಬಿಚ್ಚಿದರೆ ಘಮ್ಮೆಂದು ಹುರಿದ ವಾಸನೆ! ಬೆಂಕಿ ತಾಗಿದ ಮೇಲೆ ಆ ಪ್ರೋಟೀನ್ ಯಾವ ಕೆಲಸಕ್ಕೂ ಬಾರದು. ಗೊತ್ತಿದ್ದೂ ರುಬ್ಬಿದೆ, ಸೋಸಿದೆ, ರಕ್ತಕ್ಕೆ ಹಾಕಿದೆ. ಕಣಗಳು ಗಂಟಾಗದೆ ತಮ್ಮ ಪಾಡಿಗೆ ತಾವು ತಳಕ್ಕೆ ಹೋಗಿ ಕೂತವು.

ಸಿಟ್ಟು ನೆತ್ತಿಗೇರಿತು. ಮರುದಿನವೇ ಬಸ್ ಹತ್ತಿ ಊರಿಗೆ ಹೋದೆ. ಹೊತ್ತು ಮುಳುಗುವ ಮೊದಲೇ ಉಣ್ಣುವ ಅಕ್ಕ ಆಗಲೇ ರೊಟ್ಟಿ ಬಡಿಯುತ್ತಿದ್ದಳು.

‘ಯಾಕ ಹುರದಿ ಬೇ? ಹುರಿ ಅಂತ ಯಾರ್ ಹೇಳಿದ್ರು ನಿನಗ?’

‘ರುಬ್ಬತೇನಿ ಅಂದಿಯಲ್ಲ. ಜೀವ ಇದ್ದ ಕಾಳ ಅವು, ಹಾಕಿದ್ರ ಹುಟ್ತಾವು. ನೀ ರುಬ್ಬಿದ್ರ ಪಾಪ ನಿನಗ ಹತ್ತತೈತಿ. ಮೊದಲ ನಿನ್ನ ರಕ್ತ ನೀನ ತಗಸ್ಕೊಂತ ಕುಂತೀದಿ, ಅದರಾಗ ಇದ ಬ್ಯಾರೆ. ಅದಕ್ಕ ನಾನ ಹುರದೆ. ಪಾಪ ನನಗ ಇರಲಿ.’

ಬೈಯಲು ಬಂದವಳು ಅದನ್ನು ಬಿಟ್ಟು, ‘ಬಿತ್ತಾಕ? ಬಿತ್ತಾಕ ಇಟ್ಟೀ ಇಲ್ಲ?’ ಎಂದೆ.

‘ಎಲ್ಲಿ ಬಿತ್ತೂದ, ಹುಚ್ಚಿ? ಎಲ್ಲಾ ಕಡೆ ಕಬ್ಬ. ನಿನ್ನ ಕೆಲಸಕ್ಕ ಕಡಿಮಿ ಬೀಳಬಾರದಂತ ಗಡಿಗಿ ಬಳದು ಹುರದ್ ಕಳಿಸೇನಿ. ಸಾಲ್ತಾವಿಲ್ಲ?’

ಗಡಿಗೆ ಮೂಲೆಯಲ್ಲಿ ಬೋರಲಾಗಿತ್ತು. ತೊಳೆದೂ ಇಟ್ಟಿದ್ದಳು. ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲಿಕ್ಕೂ ಆಗದೆ, ಆ ಕಾಳಿನ ಸಂಕಟ ನುಂಗಲಿಕ್ಕೂ ಆಗದೆ ಕೂತೆ. ಈಗಲೂ ಬದುವಿರುವ ಹೊಲ ಕಂಡರೆ ಬಸ್ಸಿನ ಕಿಟಕಿಯಿಂದ ಬಗ್ಗಿ ಬಗ್ಗಿ ನೋಡುತ್ತೇನೆ. ಕರಿಚುಕ್ಕಿ ಎಲ್ಲೂ ಸಿಕ್ಕಿಲ್ಲ.

ಅಂದು ಅಕ್ಕ ನನ್ನ ತಾಟಿಗೆ ಬಿಸಿ ರೊಟ್ಟಿ ಹಾಕಿ, ತೋಳಿನ ಮೇಲೆ ಸೂಜಿ ಚುಚ್ಚಿದ್ದ ಜಾಗವನ್ನು ಹೆಬ್ಬೆರಳಿನಿಂದ ಸವರಿದಳು.

‘ಭಾಳ ಚುಚ್ಚಿಸ್ಕೊಂಡೀದಿ. ಇನ್ನಾರ ಸಾಕ ಮಾಡ ನಮ್ಮವ್ವಾ.’

‘ಇಲ್ಲಕ್ಕಾ,’ ಎಂದೆ. ‘ಇನ್ನ ಚುಚ್ಚಿಸ್ಕೊಳ್ಳೂದಿಲ್ಲ.’