ಚೆಕಿಂಗ್ ಮಾವನ ಬ್ಯಾಕಪ್ಪು

ಬೀದಿಯಲ್ಲಿ ಎಲ್ಲರೂ ಅವರನ್ನು ಚೆಕಿಂಗ್ ಮಾವ ಎಂದೇ ಕರೆಯುವುದು. ಬಸ್ಸಿನಲ್ಲಿ ಟಿಕೆಟ್ ತಪಾಸಣೆ ಮಾಡಿಯೇ ನೌಕರಿ ಮುಗಿಸಿದವರು. ನೌಕರಿ ಮುಗಿಯಿತೇ ಹೊರತು ತಪಾಸಣೆ ಮುಗಿಯಲಿಲ್ಲ. ಈಗಲೂ ತರಕಾರಿ ಚೀಲ ಮನೆಗೆ ಬಂದರೆ ಬದನೆಕಾಯಿ ಎಷ್ಟಿವೆ ಎಂದು ಅವರು ಎಣಿಸುತ್ತಾರೆ, ಹುಳುಕಿವೆಯೋ ಎಂದು ಹೆಂಡತಿ ನೋಡುತ್ತಾಳೆ.

ಹೆಂಡತಿಯದು ಹೊಲಿಗೆ ಅಂಗಡಿ. ಒಂದು ಭುಜ ಇಳಿದವರು, ಬೆನ್ನು ಬಾಗಿದವರು, ರೆಡಿಮೇಡ್ ಬಟ್ಟೆ ಮೈಗೆ ಹೊಂದದವರೆಲ್ಲ ಅವಳನ್ನೇ ಹುಡುಕಿಕೊಂಡು ಬರುತ್ತಾರೆ. ಒಬ್ಬೊಬ್ಬರ ಬಟ್ಟೆ ಕತ್ತರಿಸುವ ನಕ್ಷೆಯನ್ನೂ ಅವಳು ಕಂಪ್ಯೂಟರಿನಲ್ಲೇ ಬಿಡಿಸಿಡುತ್ತಾಳೆ. ಆ ಕಂಪ್ಯೂಟರಿನ ಯೋಗಕ್ಷೇಮ ಮಾತ್ರ ಚೆಕಿಂಗ್ ಮಾವನ ಪಾಲಿನದು. ಯಾರೂ ಕೊಟ್ಟ ಹುದ್ದೆಯಲ್ಲ, ತಾವೇ ಏರಿ ಕೂತದ್ದು. "ನೀವಿದ್ದೀರಲ್ಲ, ನನಗೇನು ಚಿಂತೆ" ಎಂದು ಅವಳು ಒಮ್ಮೆ ಅಂದಿದ್ದಳು. ಅವರ ನಿವೃತ್ತ ಜೀವನವೆಲ್ಲ ಆ ಒಂದು ಮಾತಿನ ಮೇಲೆ ನಿಂತಿತ್ತು.

ಇಂಥ ಸಾಮ್ರಾಜ್ಯಕ್ಕೆ ಅಳಿಯ ಕೈ ಹಾಕಿದ. ಯಂತ್ರ ನಿಧಾನವಾಯಿತೆಂದು ಒಂದು ಭಾನುವಾರ, ಇದ್ದ ಆಪರೇಟಿಂಗ್ ಸಿಸ್ಟಮ್ಮಿನ ಪಕ್ಕದಲ್ಲೇ ಇನ್ನೊಂದನ್ನು ಹಾಕಿಕೊಟ್ಟ. ಅಂದಿನಿಂದ ಕಂಪ್ಯೂಟರ್ ಹಚ್ಚಿದಾಗಲೆಲ್ಲ ಪರದೆ 'ಇದೋ, ಅದೋ?' ಎಂದು ಕೇಳತೊಡಗಿತು. ಮಾವನಿಗೆ ಮೈಯೆಲ್ಲ ಉರಿ. "ಒಂದು ಬಸ್ಸಿಗೆ ಇಬ್ಬರು ಡ್ರೈವರಾ? ಸ್ಟೇರಿಂಗ್ ಯಾರ ಕೈಲಿರುತ್ತೆ?" ಎಂದು ಮಗಳಿಗೆ ಫೋನಿನಲ್ಲಿ ದಬಾಯಿಸಿದರು. ಅಳಿಯನಿಗೆ ಹೇಳಬೇಕಾದ್ದನ್ನೆಲ್ಲ ಅವರು ಮಗಳಿಗೇ ಹೇಳುವುದು.

ಮೊನ್ನೆ ಬೆಳಿಗ್ಗೆ ಹೆಂಡತಿ ಅಸ್ತರಿನ ಬಟ್ಟೆ ತರಲು ಹೋದದ್ದೇ ತಡ, ಎರಡನೇ ಡ್ರೈವರನ್ನು ಇಳಿಸಿಬಿಡೋಣ ಎಂದು ಕೂತರು. ಧೈರ್ಯಕ್ಕೆ ಕಾರಣವಿತ್ತು. ಪ್ರತಿ ಶನಿವಾರ ಅವರು ಪೆನ್‌ಡ್ರೈವಿಗೆ ಬ್ಯಾಕಪ್ ತೆಗೆಯುತ್ತಿದ್ದರು. ಪರದೆಯ ಮೇಲೆ ಎಷ್ಟು ನಕ್ಷೆಗಳಿವೆಯೋ ಪೆನ್‌ಡ್ರೈವಿನಲ್ಲೂ ಅಷ್ಟೇ ಇವೆಯೇ ಎಂದು ಬೆರಳಿಟ್ಟು ಎಣಿಸಿ, ಲೆಕ್ಕ ತಾಳೆಯಾದ ಮೇಲೇ ಊಟ.

ಅಳಿಯನ ಸಿಸ್ಟಮ್ಮನ್ನು ಅಳಿಸಿದ್ದಾಯಿತು. ಮತ್ತೆ ಹಚ್ಚಿದರೆ ಕಪ್ಪು ಪರದೆ, ಮೂಲೆಯಲ್ಲಿ ಒಂದು ಸಾಲು ಇಂಗ್ಲಿಷು. 'ಇದೋ, ಅದೋ' ಎಂದು ಕೇಳುತ್ತಿದ್ದ ಆ ಎರಡನೇ ಡ್ರೈವರೇ ಹಳೆಯ ಸಿಸ್ಟಮ್ಮಿಗೂ ಬಾಗಿಲು ತೆಗೆಯುವವನಾಗಿದ್ದ. ಮಾವ ಅವನನ್ನೇ ಹೊರಗೆ ಹಾಕಿದ್ದರು. ಗಾಬರಿಯಲ್ಲಿ ಹಳೇ ಸಿಡಿ ಹುಡುಕಿ ಹಾಕಿ, ಅದು ಕೇಳಿದ್ದಕ್ಕೆಲ್ಲ ಹೂಂ ಹೂಂ ಅನ್ನುತ್ತ ಹೋದರು. ಅದರಲ್ಲೊಂದು ಪ್ರಶ್ನೆ, ಇರುವುದನ್ನೆಲ್ಲ ಅಳಿಸಲೇ ಎಂದಿತ್ತು. ಅದಕ್ಕೂ ಹೂಂ.

ಯಂತ್ರವೇನೋ ಎದ್ದಿತು, ಬೋಳು ಬೋಳಾಗಿ. ಚಿಂತೆಯಿಲ್ಲ ಎಂದು ಪೆನ್‌ಡ್ರೈವ್ ಚುಚ್ಚಿದರು. ಎಣಿಸಿದರು, ಒಂದೂ ಕಮ್ಮಿಯಿಲ್ಲ. ಒಂದನ್ನು ತೆರೆಯಲು ನೋಡಿದರು, ತೆರೆಯಲಿಲ್ಲ. ಇನ್ನೊಂದೂ ಇಲ್ಲ, ಮತ್ತೊಂದೂ ಇಲ್ಲ. ಅವತ್ತು ಮಧ್ಯಾಹ್ನ ಒಬ್ಬ ವಕೀಲೆಯ ಕಪ್ಪು ಕೋಟು ಕತ್ತರಿಸಬೇಕಿತ್ತು. ವಾರದ ಕೊನೆಗೆ ಆಕೆಯ ಮೊದಲ ವಾದ. ಇಳಿದ ಭುಜ ಕಾಣದ ಹಾಗೆ ಹೆಂಡತಿ ಹಿಂದಿನ ವಾರವೆಲ್ಲ ಕೂತು ತಿದ್ದಿದ ನಕ್ಷೆ ಅದು. ಇನ್ನು ಅವಳ ಮುಂದೆ ಯಾವ ಮುಖ ಹೊತ್ತು ನಿಲ್ಲುವುದು?

ಮಗಳಿಗೆ ಫೋನು ಮಾಡಿದರು. "ಅವರಿಗೆ ಒಂಚೂರು ಹೇಳಮ್ಮ..."

"ನೀವೇ ಹೇಳಿ ಅಪ್ಪ" ಎಂದು ಅವಳು ಫೋನನ್ನು ಗಂಡನ ಕೈಗೇ ಕೊಟ್ಟಳು.

"ಅಳಿಯಂದ್ರೇ," ಎಂದು ಮಾವ ಗಂಟಲು ಸರಿಮಾಡಿಕೊಂಡರು, "ಸ್ವಲ್ಪ ಅಂಗಡಿ ಕಡೆ ಬಂದು ಹೋಗ್ತೀರಾ?"

ಅಳಿಯ ಬಂದ, ನೋಡಿದ, ನಗು ನುಂಗಿಕೊಂಡ. "ಮಾವ, ನೀವು ಕಾಪಿ ಮಾಡಿರೋದು ಬರೀ ಶಾರ್ಟ್‌ಕಟ್ಟುಗಳನ್ನ. ನಕ್ಷೆ ಎಲ್ಲಿದೆ ಅಂತ ತೋರಿಸೋ ಗುರುತು ಅಷ್ಟೇ. ನಿಜವಾದ ನಕ್ಷೆ ಒಳಗೆ ಬೇರೆ ಕಡೆ ಇರುತ್ತೆ."

"ಅಂದ್ರೆ ಟಿಕೆಟ್ ಎಲ್ಲಾ ಇದೆ, ಜನ ಒಬ್ಬರೂ ಇಲ್ಲ" ಎಂದರು ಮಾವ. ಅಷ್ಟು ಚೆನ್ನಾಗಿ ಅರ್ಥವಾದದ್ದಕ್ಕೆ ಅವರಿಗೇ ಬೇಜಾರಾಯಿತು.

ಅಳಿಯ ಅತ್ತೆಯ ಮೇಜಿನ ಕೆಳಗಿದ್ದ ಗುಂಡಿಗಳ ಡಬ್ಬಿಗೆ ಕೈ ಹಾಕಿ ಒಂದು ಹಾರ್ಡ್‌ಡಿಸ್ಕ್ ಹೊರತೆಗೆದ. ಪ್ರತಿ ಭಾನುವಾರ ಊಟವಾಗಿ ಮಾವ ಗೊರಕೆ ಹೊಡೆಯುವ ಹೊತ್ತಿಗೆ, ಇಡೀ ಕಂಪ್ಯೂಟರನ್ನು ಇದ್ದ ಹಾಗೇ ಅದರೊಳಗೆ ಇಳಿಸಿಡುತ್ತಿದ್ದನಂತೆ. ಈಗ ಅದನ್ನೇ ವಾಪಸು ಏರಿಸಿದ. ಮಾವ ಒಂದು ಸಲ ಪರದೆ, ಒಂದು ಸಲ ಬಾಗಿಲು ನೋಡುತ್ತ ಕೂತರು. ಕೋಟಿನ ನಕ್ಷೆ ಬಂತು. ಇದ್ದ ಹಾಗೇ ಇಳಿಸಿದ್ದಲ್ಲವೇ, ಎರಡನೇ ಡ್ರೈವರೂ ಬಂದ. ಪರದೆ ಮತ್ತೆ 'ಇದೋ, ಅದೋ?' ಎಂದಾಗ ಮಾವ ಕೈ ಮುಗಿಯುವುದೊಂದು ಬಾಕಿ.

ಅಷ್ಟರಲ್ಲಿ ಹೆಂಡತಿ ಅಸ್ತರಿನ ಕಟ್ಟು ಹಿಡಿದು ಒಳಗೆ ಬಂದಳು. "ಏನು, ಅಳಿಯಂದ್ರು ಈ ಹೊತ್ತಲ್ಲಿ?"

"ಕಂಪ್ಯೂಟರ್ ಕೆಟ್ಟಿತ್ತು ಅತ್ತೆ. ಮಾವನ ಬ್ಯಾಕಪ್ ಇತ್ತಲ್ಲ, ಸರಿಹೋಯ್ತು" ಎಂದ ಅಳಿಯ, ಕಣ್ಣು ಮಿಟುಕಿಸದೆ.

ಮಾವ ಅಲ್ಲಿಗೇ ಬಚಾವಾಗಬಹುದಿತ್ತು. ಮನಸ್ಸು ಬರಲಿಲ್ಲ. "ನಂದಲ್ಲ ಕಣೇ. ಎಲ್ಲ ಅಳಿಸಿದ್ದು ನಾನು, ಉಳಿಸಿದ್ದು ಅಳಿಯಂದ್ರು. ನನ್ನ ಪೆನ್‌ಡ್ರೈವಲ್ಲಿ ಏನೂ ಇರಲಿಲ್ಲ. ಯಾವತ್ತೂ ಇರಲಿಲ್ಲ."

"ಗೊತ್ತು" ಎಂದಳು ಅವಳು, ಕಟ್ಟು ಬಿಚ್ಚುತ್ತ. "ಹೋದ ವರ್ಷ ಒಂದು ನಕ್ಷೆ ಬೇಕಾಗಿ ತೆಗೆದು ನೋಡಿದ್ದೆ."

"ಗೊತ್ತಿತ್ತಾ! ಮತ್ಯಾಕೆ ಬಾಯಿ ಬಿಡಲಿಲ್ಲ?"

"ಶನಿವಾರ ಬಂದ್ರೆ ಅಷ್ಟು ಖುಷಿಯಾಗಿ ಎಣಿಸ್ತಾ ಕೂತಿರ್ತಿದ್ರಿ. ಹೆಂಗೆ ಹೇಳ್ಲಿ? ಅದಕ್ಕೇ ಅಳಿಯಂದ್ರ ಕೈಲಿ ಇದನ್ನ ಮಾಡಿಸಿಟ್ಟಿದ್ದು."

ಮಾವನಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ, ಇಷ್ಟು ವರ್ಷ ಸಂಸಾರ ಮಾಡಿದ ಹೆಂಡತಿಯ ಮೇಲೆ ಹೊಸದಾಗಿ ಪ್ರೀತಿ ಉಕ್ಕಿ ಬಂತು. ಅದನ್ನು ಅಳಿಯನ ಮುಂದೆ ಹೇಳುವುದು ಹೇಗೆಂದು ತಿಳಿಯದೆ, ಅವಳ ಕೈಯಿಂದ ಅಸ್ತರಿನ ಬಟ್ಟೆ ಇಸಿದುಕೊಂಡು ಮೇಜಿನ ಮೇಲೆ ಹರವಿ, ಎಷ್ಟಿದೆ ಎಂದು ಅಳೆಯದೆ, ಎಲ್ಲಾದರೂ ಹರಿದಿದೆಯೋ ಎಂದು ಮೊದಲಿನಿಂದ ಕೊನೆಯವರೆಗೂ ನೋಡತೊಡಗಿದರು.