ತೊಟ್ಟಿಲಕ್ಕನ ಪ್ರಶ್ನೆ

ಬ್ಲಡ್ ಬ್ಯಾಂಕಿನ ಒಳಕೋಣೆಯ ಯಂತ್ರದಲ್ಲಿ ಹಳದಿ ಪ್ಲೇಟ್‌ಲೆಟ್ ಚೀಲಗಳು ಹಗಲಿರುಳೂ ಮೆಲ್ಲಗೆ ತೂಗುತ್ತಿರುತ್ತವೆ. ತೂಗಾಟ ನಿಂತರೆ ಒಳಗಿನ, ರಕ್ತ ಸೋರದಂತೆ ತಡೆಯುವ ಕಣಗಳು ಕೆಡುತ್ತವೆ. ಕೆಲಸಕ್ಕೆ ಬಂದೊಡನೆ ಆ ಯಂತ್ರದ ಸದ್ದಿಗೆ ಕಿವಿಗೊಡುವ ಟೆಕ್ನಿಷಿಯನ್ ಹೆಂಗಸಿಗೆ ಆಸ್ಪತ್ರೆಯವರು ಇಟ್ಟ ಹೆಸರು ತೊಟ್ಟಿಲಕ್ಕ. ತಾಯಿಯಿಲ್ಲದ ತಮ್ಮನನ್ನು ಬೆಳೆಸಿದ ಗಟ್ಟಿಗಿತ್ತಿ. ತಮ್ಮ ವರ್ಕ್‌ಶಾಪಿನಲ್ಲಿ ಲೇತ್ ಕೆಲಸದವನು, ಕೋಪ ಮೂಗಿನ ತುದಿಯಲ್ಲೇ.

ಆ ದಿನ ಅವನ ಹೆಂಡತಿ ಮೇಲಿನ ಮಹಡಿಯಲ್ಲಿ ಮಲಗಿದ್ದಳು. ಜ್ವರಕ್ಕೆ ಪ್ಲೇಟ್‌ಲೆಟ್ ಇಳಿದು ಮೂಗಿನ ರಕ್ತ ನಿಲ್ಲುತ್ತಿರಲಿಲ್ಲ. ಅವಳಿಗೆ ಹೊಂದುವ ಚೀಲ ಒಂದೂ ಉಳಿದಿರಲಿಲ್ಲ. ತಮ್ಮನದು ಅವಳದೇ ರಕ್ತದ ಗುಂಪು. ಗ್ರೀಸ್ ಮೆತ್ತಿದ ಅಂಗಿಯಲ್ಲೇ ಓಡಿಬಂದು ತೋಳು ಚಾಚಿದ.

“ಮಾತ್ರೆ ಏನಾದ್ರೂ ನುಂಗಿದ್ದೀಯಾ?”

“ಇಲ್ಲ. ಬೇಗ ಚುಚ್ಚಕ್ಕಾ.”

“ನಿನ್ನೆ ಹಲ್ಲುನೋವಿಗೆ ಕೆನ್ನೆ ಕುಂಬಳಕಾಯಿ ಆಗಿತ್ತು. ಇವತ್ತು ಇಳಿದಿದೆ. ನಿಜ ಹೇಳು.”

“ಆಸ್ಪಿರಿನ್. ಬೆಳಗ್ಗೆ. ಅದಕ್ಕೇನೀಗ?”

ಅವಳು ಸೂಜಿ ಕೆಳಗಿಟ್ಟಳು. “ಏಳು.”

ತಮ್ಮ ಕಿಡಿಕಿಡಿಯಾದ. “ಅವಳ ಪ್ರಾಣ ಹೋಗ್ತಿದೆ, ನಿನಗೆ ಕಾನೂನು! ನೀನೂ ಒಬ್ಬಳು ಅಕ್ಕಾನಾ?”

ಆ ಮಾತನ್ನು ಅವಳು ಹೊಟ್ಟೆಗೆ ಹಾಕಿಕೊಂಡಳು. “ಕೇಳೋ. ಗಾಯ ಕಂಡ ಕಣ ತನ್ನ ಮೈಹೊದಿಕೆಯ ಕೊಬ್ಬಿನಿಂದಲೇ ಒಂದು ಚೂರು ರಸ ಮಾಡಿ ಹೊರಗೆ ಬಿಡುತ್ತೆ. ಅದೇ ಅದರ ಕೂಗು: ಬನ್ರೋ, ಇಲ್ಲಿ ತೂತು ಬಿದ್ದಿದೆ! ಆಗ ಮಿಕ್ಕವು ಬಂದು ಅಂಟ್ಕೊಳ್ತವೆ. ನಿನ್ನ ಕೆನ್ನೆ ಊದಿಸಿದ್ದೂ ಕೊಬ್ಬಿನಿಂದಾದ ಅಂಥದೇ ಇನ್ನೊಂದು ರಸ. ಮಾತ್ರೆ ಎರಡಕ್ಕೂ ಬಾಯಿ ಹೊಲಿದಿದೆ. ಇಂಥ ಮೂಕ ಕಣಗಳನ್ನ ಅವಳಿಗೆ ಕೊಟ್ಟು ಏನು ಮಾಡಲಿ?”

ತಮ್ಮ ಚಾಚಿದ್ದ ತೋಳನ್ನು ಹಿಂದಕ್ಕೆಳೆದುಕೊಂಡ.

“ನಿಮ್ಮ ವರ್ಕ್‌ಶಾಪಲ್ಲಿ ಈ ಗುಂಪಿನವರು ಯಾರೂ ಇಲ್ವಾ?”

ಇದ್ದ, ವೆಲ್ಡರ್. ಎದೆಯ ಬಿಲ್ಲೆಯ ಮೇಲೇ ಗುಂಪು ಬರೆದಿತ್ತು. ಆದರೆ ಕಳೆದುಹೋದ ಸ್ಪ್ಯಾನರಿನ ಜಗಳವಾದ ಮೇಲೆ ಇಬ್ಬರಿಗೂ ಮಾತಿರಲಿಲ್ಲ.

“ಅವನ ಮುಖ ನೋಡಲ್ಲ ಅಂದಿದೀನಿ.”

“ಮುಖ ಯಾರಿಗೆ ಬೇಕು? ತೋಳು ಕೇಳು.”

ತಮ್ಮ ಫೋನ್ ಹಚ್ಚಿದ. ವೆಲ್ಡರ್ ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡೇ ಬಂದ.

“ಸ್ಪ್ಯಾನರ್ ಕದ್ದವನ ರಕ್ತ ನಡೆಯುತ್ತೇನಯ್ಯಾ?”

ತಮ್ಮ ತಲೆ ತಗ್ಗಿಸಿದ. ತೊಟ್ಟಿಲಕ್ಕ ವೆಲ್ಡರನನ್ನೂ ಬಿಡಲಿಲ್ಲ. “ಮಾತ್ರೆ ಏನಾದ್ರೂ ನುಂಗಿದ್ದೀರಾ?”

“ಇಲ್ಲಕ್ಕಾ. ಇವನ ಬೈಗುಳ ನುಂಗಿದೀನಿ.”

“ಅದು ಪರವಾಗಿಲ್ಲ. ಬನ್ನಿ.”

ಪರೀಕ್ಷೆಗಳು ಮುಗಿದು ಚೀಲ ಮೇಲಕ್ಕೆ ಹೋಯಿತು. ಸಂಜೆಗೆ ಹೆಂಡತಿಯ ಮೂಗಿಗಿಟ್ಟ ಹತ್ತಿ ಬೆಳ್ಳಗೇ ಉಳಿಯಿತು. ಸ್ವಂತ ತಮ್ಮನಿಗೇ ಏಳು ಎನ್ನಲು ಎಂಥ ಎದೆ ಬೇಕು! ಅದನ್ನು ಹೇಳಲೆಂದೇ ತಮ್ಮ ಟೀ ಹಿಡಿದು ಕೆಳಗಿಳಿದ. ಆದರೆ ಲೋಟವನ್ನು ಚಾಚಿದ, ಅಷ್ಟೆ.

“ಮತ್ತೆ ಮಾತ್ರೆ ನುಂಗಿದೆಯಾ?”

“ಇಲ್ಲ.”

ಮತ್ತೆ ಊದತೊಡಗಿದ್ದ ಅವನ ಕೆನ್ನೆ ನೋಡಿ ತೊಟ್ಟಿಲಕ್ಕ ಈ ಸಲ ನಂಬಿದಳು.